ಅಲಮೇಲುನ ಯಾರಾದ್ರೂ ಒಂದು ಮಾತು ಕೇಳಿದ್ರಾ? ‘ನಾಗರಹಾವು’ ಮತ್ತೆ ನೋಡಿದ ಮೇಲೆ

ದುರ್ಗದವಳು:

ನಾನು ಚಿತ್ರದುರ್ಗದ ದೊಡ್ಡಪೇಟೆಯವಳು. ನಮ್ಮೂರಲ್ಲಿ ‘ನಾಗರಹಾವು’ ಮನೆಮಾತು. ಕೋಟೆ ನೋಡೋಕೆ ಬಂದ ನೆಂಟರಿಗೆ ಒನಕೆ ಕಿಂಡಿ ತೋರಿಸಿ, ಆಮೇಲೆ ವಿಷ್ಣುವರ್ಧನ್ ಓಡಾಡಿದ ಬಂಡೆಗಳನ್ನೂ ತೋರಿಸದೇ ಇದ್ರೆ ಅವರು ಬಿಡಲ್ಲ.

ಆದರೆ ಹುಡುಗಿಯಾಗಿದ್ದಾಗ ನಂಗೆ ಈ ಸಿನಿಮಾ ಕಂಡ್ರೆ ಆಗ್ತಿರಲಿಲ್ಲ. ನಾನು ಪಿಯುಸಿ ಸೇರಿದ್ದು 1991ರಲ್ಲಿ. ಸಿನಿಮಾ ಬಂದು ಆಗಲೇ ಹತ್ತೊಂಬತ್ತು ವರ್ಷ. ಕಾಲೇಜಿನ ದಾರೀಲಿ ಒಂದು ಸೈಕಲ್ ಶಾಪಿತ್ತು, ಅದರ ಮುಂದೆ ಕೂತ ಹುಡುಗರು ದಿನಾ ‘ಏ ಬುಲ್‌ಬುಲ್, ಮಾತಾಡಕಿಲ್ವಾ’ ಅನ್ನೋರು. ಅಂಬರೀಶ್ ಅವರ ಜಲೀಲನ ಮಾತು. ಟಾಕೀಸಿನಲ್ಲಿ ಅದಕ್ಕೆ ಶಿಳ್ಳೆ ಬೀಳುತ್ತೆ. ನಾನು ಮಾತ್ರ ಪುಸ್ತಕ ಎದೆಗವಚಿಕೊಂಡು, ನೆಲ ನೋಡ್ಕೊಂಡು ಆ ಅಂಗಡಿ ದಾಟ್ತಿದ್ದೆ. ನಲವತ್ತೆರಡು ಹೆಜ್ಜೆ. ಈಗ ಆ ಅಂಗಡಿ ಇಲ್ಲ, ಆದ್ರೂ ಅಲ್ಲಿ ಹೋದ್ರೆ ಕಾಲು ಬೇಗ ಬೇಗ ಎತ್ತುತ್ತೆ.

ಹೋದ ತಿಂಗಳು ಅಮ್ಮ ಮತ್ತು ಮಗಳ ಜತೆ ಕೂತು ಪೂರ್ತಿ ನೋಡಿದೆ. ಅಮ್ಮ 1972ರಲ್ಲಿ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಶೂಟಿಂಗ್ ನೋಡೋಕೆ ಹೋಗಿದ್ರಂತೆ. ಅವರಿಗೆ ನೆನಪಿರೋದು ಬೆಳ್ಳಿ ಹಾಳೆ ಅಂಟಿಸಿದ ದೊಡ್ಡ ಹಲಗೆ. ಅದರಿಂದ ಬಿಸಿಲನ್ನ ಬಂಡೆ ಮೇಲೆ ಎಸೀತಿದ್ರು, ಬಂಡೆ ತುಪ್ಪ ಸವರಿದ ಹಾಗೆ ಹೊಳೀತಿತ್ತು ಅಂತ ಈಗಲೂ ಹೇಳ್ತಾರೆ.

ಈ ಸಲ ನನ್ನ ಕಣ್ಣು ಪೂರ್ತಿ ಆರತಿಯವರ ಅಲಮೇಲು ಮೇಲೇ ಇತ್ತು. ಜಲೀಲನ ಕಾಟ ತಪ್ಪಿಸು, ತಂಗೀನ ಕೊಡ್ತೀನಿ ಅಂತ ನಾಯಕ ರಾಮಾಚಾರಿಗೆ, ಅಂದ್ರೆ ವಿಷ್ಣುವರ್ಧನ್‌ಗೆ, ಮಾತು ಕೊಟ್ಟವನು ಅಣ್ಣ ವರದ. ಅವಳನ್ನ ಬಿಟ್ಟುಬಿಡು ಅಂದವರು ಚಾಮಯ್ಯ ಮೇಷ್ಟ್ರು. ಗುರುವಿನ ಮಾತಿಗೆ ತಲೆಬಾಗಿ ಬಿಟ್ಟವನು ರಾಮಾಚಾರಿ. ಕೊನೆಗೆ ಅವಳು ಸಿಗೋದು ವೇಶ್ಯೆಯಾಗಿ, ನೋಡಿದವರಿಗೆಲ್ಲ ಗೊತ್ತು. ನನ್ನ ಮಗಳು ಅಲ್ಲಿ ರಿಮೋಟ್ ಒತ್ತಿ ನಿಲ್ಲಿಸಿ ಕೇಳಿದ್ಲು: ‘ಅಮ್ಮಾ, ಇವಳನ್ನ ಯಾರೂ ಕೇಳಲೇ ಇಲ್ವಲ್ಲ?’

ನಿರ್ದೇಶಕ ಪುಟ್ಟಣ್ಣ ಕಣಗಾಲ್ ಇದನ್ನ ಬೇಕಂತಲೇ ತೋರಿಸಿದ್ದಾರೆ ಅಂತ ನನಗನ್ನಿಸುತ್ತೆ. ಆದ್ರೆ ಜನ ಇವತ್ತಿಗೂ ಅಳೋದು ರಾಮಾಚಾರಿಗೆ, ಕೈ ಮುಗಿಯೋದು ಮೇಷ್ಟ್ರಿಗೆ. ನಿಮಗೆ ಹೇಗೆ ಕಾಣುತ್ತೆ? ದುರ್ಗ, ದಾವಣಗೆರೆ ಕಡೆಯವರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:

ತಂಗ್ಯವ್ವಾ, ಈ ಸಿನಿಮಾ ನಾನು ಮೊದಲ ಸಲ ನೋಡಿದಾಗ ಹದಿನಾಲ್ಕು ವರ್ಷ. ಮಾವನ ಸೈಕಲ್ ಹಿಂದೆ ಕೂತು ಹೋಗಿದ್ದೆ. ಚಾಮಯ್ಯ ಮೇಷ್ಟ್ರ ಪಾತ್ರದ ಅಶ್ವಥ್ ಅವರನ್ನ ನೋಡಿಯೇ ನಾನು ಮೇಷ್ಟ್ರಾಗಬೇಕು ಅಂದ್ಕೊಂಡೆ, ಆದೆ ಕೂಡ. ಆ ಧ್ವನಿ, ಹೆಗಲ ಮೇಲೆ ಕೈ ಇಟ್ಟು ಮಾತಾಡೋ ರೀತಿ, ಅದರಲ್ಲಿ ಕಪಟ ಒಂದು ಚೂರೂ ಇಲ್ಲ ನೋಡ್ರಿ. ಕೆಟ್ಟವನು ಹೇಳಿದ್ರೆ ರಾಮಾಚಾರಿ ಕೇಳ್ತಿರಲಿಲ್ಲ. ಪ್ರೀತಿಸೋರು ಹೇಳಿದ್ರು, ಅದಕ್ಕೇ ಕೇಳಿದ. ನನಗೆ ಕಾಣೋ ದುರಂತ ಇದು.

ಒಂದು ವಿಷಯ ಹೇಳ್ಬೇಕು, ಇದುವರೆಗೂ ಯಾರ ಹತ್ರಾನೂ ಹೇಳಿಲ್ಲ. 1988ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳ ಅಪ್ಪ ಬಂದು, ‘ನೀವು ಹೇಳಿದ್ರೆ ಕೇಳ್ತಾಳೆ ಸಾರ್, ಮದುವೆಗೆ ಒಪ್ಪಿಸ್ರಿ’ ಅಂದ್ರು. ಲೆಕ್ಕದಲ್ಲಿ ಬಹಳ ಚುರುಕಿದ್ಳು. ನಾನು ಅವರ ಮನೆ ಜಗುಲಿ ಮೇಲೆ ಕೂತು, ಹಿರಿಯರ ಮಾತು ಮೀರಬಾರದಮ್ಮ ಅಂದೆ. ಅವಳು ‘ಆಯ್ತು ಸಾರ್’ ಅಂದ್ಳು, ಅಷ್ಟೇ. ಈಗ ಚೌಕಿಪೇಟೆ ಕಡೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಕಂಡ್ರೆ ನಿಂತು ನಮಸ್ಕಾರ ಮಾಡ್ತಾಳೆ. ಅದೇ ನನಗೆ ತಡೆಯೋಕೆ ಆಗಲ್ಲ.

ಕೋಟೆ ಬೆಟ್ಟದ ಹುಡುಗ:

ಅಕ್ಕಾ, ನಾನು ಕೋಟೇಲಿ ಪ್ರವಾಸಿಗರಿಗೆ ಫೋಟೋ ತೆಗೆದುಕೊಡೋನು. ಹತ್ತು ಜನದಲ್ಲಿ ಆರು ಜನ ‘ರಾಮಾಚಾರಿ ಎಲ್ಲಿಂದ ಹಾರಿದ್ದು’ ಅಂತಾರೆ. ಅಲಮೇಲು ಬಗ್ಗೆ ಇವತ್ತಿನವರೆಗೆ ಒಬ್ರೂ ಕೇಳಿಲ್ಲ.

ಆದ್ರೆ ಇನ್ನೊಂದು ನೋಡಿ. ಅದೇ ಸಿನಿಮಾದಲ್ಲಿ ಜಯಂತಿಯವರ ಓಬವ್ವ ಇದ್ದಾಳೆ. ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಬಂದವಳ ಕಣ್ಣಿಗೆ ಕಿಂಡೀಲಿ ನುಸುಳ್ತಿರೋ ಹೈದರಾಲಿ ಸೈನಿಕರು ಬೀಳ್ತಾರೆ. ಗಂಡನ್ನ ಎಬ್ಬಿಸಲಿಲ್ಲ, ಯಾರ ಅಪ್ಪಣೆಗೂ ಕಾಯಲಿಲ್ಲ, ಒನಕೆ ಎತ್ತಿದಳು. ಆ ಕಿಂಡಿ ಹತ್ರ ನಿಂತು ನೋಡಿದ್ರೆ ಗೊತ್ತಾಗುತ್ತೆ: ಎದೆ ಒಳಗೆಳ್ಕೊಂಡು ಮೈ ಓರೆ ಮಾಡಬೇಕು, ಒಬ್ಬರಾದ ಮೇಲೆ ಒಬ್ಬರೇ. ಅಂಥ ಹೆಣ್ಣಿನ ಕಥೆ ಹೇಳಿದ ಬೆಟ್ಟದಲ್ಲೇ ಅಲಮೇಲುಗೆ ಬಾಯಿಲ್ಲ. ನಿಮ್ಮ ಪೋಸ್ಟ್ ಓದಿದ ಮೇಲೇ ನನಗಿದು ಹೊಳೆದದ್ದು.

ಪುಟ್ಟಣ್ಣ ‘ನಾಗರಹಾವು’ನ್ನೇ 1974ರಲ್ಲಿ ರಿಷಿ ಕಪೂರ್ ಹಾಕ್ಕೊಂಡು ಹಿಂದೀಲಿ ಮಾಡಿದ್ರು, ‘ಜಹ್ರೀಲಾ ಇನ್ಸಾನ್’. ಬಂಡೆ ಇದೇ. ನನಗೆ ಮಾತ್ರ ರುಚಿಸಲಿಲ್ಲ. ರಾಮಾಚಾರಿ ಸಿಟ್ಟು ದುರ್ಗದ ಕನ್ನಡದಲ್ಲೇ ಇರೋದು. ಕಾದಂಬರಿಕಾರ ತರಾಸು ಅವರ ಮೂರು ಕಾದಂಬರಿ ಸೇರಿಸಿ ‘ನಾಗರಹಾವು’ ಮಾಡಿದ್ದು, ಅದು ಸ್ವತಃ ಅವರಿಗೆ ಹಿಡಿಸಿರಲಿಲ್ಲ ಅಂತ ನಮ್ಮಲ್ಲಿ ಹಿರಿಯರು ಹೇಳ್ತಾರೆ. ಅವರದೇ ಕಾದಂಬರಿಯಿಂದ ಜಿ.ವಿ. ಅಯ್ಯರ್ ಮಾಡಿದ ‘ಹಂಸಗೀತೆ’ ನೋಡಿದ್ದೀರಾ? 1975ರದ್ದು, ಅನಂತ್ ನಾಗ್, ಹಾಡಿದ್ದು ಬಾಲಮುರಳಿಕೃಷ್ಣ. ನಮ್ಮ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ನನ್ನ ಮಟ್ಟಿಗೆ ಈ ಕಲ್ಲಿನ ಮೌನ ಕೇಳಿಸಿಕೊಂಡ ಸಿನಿಮಾ ಅಂದ್ರೆ ಅದೇ. ಬೆಟ್ಟದಲ್ಲಿ ಸಂಜೆ ಜನ ಇಳಿದ ಮೇಲೆ ಗಾಳಿ ಬೀಸುತ್ತಲ್ಲ, ಹಾಗಿದೆ.

ದುರ್ಗದವಳು:

ತಮ್ಮಾ, ಓಬವ್ವನ ಮಾತು ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದ್ಸಲ ಓದು ಅಂದ್ರು. ‘ಹಂಸಗೀತೆ’ ಈ ಭಾನುವಾರ ಮೂವರೂ ನೋಡ್ತೀವಿ.

ಮೇಷ್ಟ್ರೇ, ನಿಮ್ಮನ್ನ ನೋಯಿಸೋಕೆ ಕೇಳ್ತಿಲ್ಲ. ಆಕೆ ಹತ್ರ ಯಾವತ್ತಾದ್ರೂ ಈ ಮಾತು ಎತ್ತಿದ್ರಾ? ಚಾಮಯ್ಯ ಮೇಷ್ಟ್ರು ಅಲಮೇಲು ಎದುರು ನಿಂತು ‘ತಪ್ಪಾಯ್ತಮ್ಮ’ ಅನ್ನೋದನ್ನ ನೋಡಬೇಕು ಅಂತ ನನಗೆ ಬಹಳ ಆಸೆ. ಸಿನಿಮಾದಲ್ಲಿ ಅದು ನನಗೆ ಸಿಗಲಿಲ್ಲ.

ನಿವೃತ್ತ ಮೇಷ್ಟ್ರು, ದಾವಣಗೆರೆ:

ಎತ್ತಿಲ್ಲವ್ವಾ. ಸೋಮವಾರ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಹೋಗ್ತೀನಿ, ಆಗ ಗಿರಾಕಿಗಳು ಇರಲ್ಲ.