ಸೋಲ್ಸ್ ಆಟಗಳನ್ನು ಬೈಯುತ್ತಿದ್ದು ಆಮೇಲೆ ಒಪ್ಪಿಕೊಂಡವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಒಂದ್‌ಗಂಟೆ ಗೇಮರ್
ನಮಸ್ಕಾರ. ನಾನು ಫೀಫಾ, ಜಿಟಿಎ, ಸ್ವಲ್ಪ ವಿಚರ್ ಆಡಿದವನು. ಸತ್ತು ಸತ್ತು ಕಲಿಯಬೇಕಾದ ಈ ಸೋಲ್ಸ್ ಥರದ ಆಟ ಅಂದರೆ ಮೊದಲಿಂದಲೂ ಆಗುವುದಿಲ್ಲ. 2018ರಲ್ಲಿ ಡಾರ್ಕ್ ಸೋಲ್ಸ್ ರೀಮಾಸ್ಟರ್ಡ್ ತಗೊಂಡಿದ್ದೆ. ಸ್ಮಶಾನದ ಅಸ್ಥಿಪಂಜರಗಳ ಕೈಲಿ ಒಂದು ಸಂಜೆಯಿಡೀ ಒದೆ ತಿಂದು ಮುಚ್ಚಿಟ್ಟವನು ಮತ್ತೆ ತೆಗೆದಿಲ್ಲ. ಈಗ ತಮ್ಮ ನನ್ನ ಹುಟ್ಟುಹಬ್ಬಕ್ಕೆ ಅಂತ, ಪಿಸಿ ಆಟ ಮಾರುವ ಸ್ಟೀಮ್‌ನಲ್ಲಿ ಅದೇ ಥರದ ಎಲ್ಡೆನ್ ರಿಂಗ್ ಕಳಿಸಿದ್ದಾನೆ. ಗಿಫ್ಟ್ ಇನ್ನೂ ಒಪ್ಪಿಕೊಂಡಿಲ್ಲ, ಹಾಗೇ ಕೂತಿದೆ. ಮಗಳಿಗೆ ಹತ್ತು ತಿಂಗಳು. ರಾತ್ರಿ ಹತ್ತೂವರೆಯಿಂದ ಹನ್ನೊಂದೂವರೆ ನನ್ನ ಟೈಮು, ಅದೂ ಅವಳು ಏಳದಿದ್ದರೆ. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ 1050 ಟಿಐ. ಮೊದಲು ಆಗದೆ ಆಮೇಲೆ ಇಷ್ಟ ಆದವರು ಏನು ಬದಲಾಯಿತು ಅಂತ ಹೇಳಿ. ನನ್ನ ಪರಿಸ್ಥಿತಿಯಲ್ಲಿ ಇದು ಆಗುವ ಮಾತಾ?

ಬೆಣ್ಣೆದೋಸೆ ನೈಟ್
ಗುರು, ನಾನು ಈ ಆಟಗಳಿಗೆ ಇಟ್ಟಿದ್ದ ಹೆಸರೇ ಉರುಳುಸೇವೆ. ಕತ್ತಿ ಬಂತು, ಉರುಳು. ಬಾಣ ಬಂತು, ಉರುಳು. ಇದಕ್ಕೆ ದುಡ್ಡು ಬೇರೆ ಕೊಡಬೇಕಾ ಅಂತ ಗೆಳೆಯರ ಗುಂಪಿನಲ್ಲಿ ಎರಡು ವರ್ಷ ಆಡಿಕೊಂಡಿದ್ದೇನೆ. 2022ರ ಮಾರ್ಚ್‌ನಲ್ಲಿ ಅದೇ ಗೆಳೆಯರೆಲ್ಲ ಎಲ್ಡೆನ್ ರಿಂಗ್‌ನಲ್ಲಿ ಮುಳುಗಿಹೋಗಿ, ಶನಿವಾರ ನನ್ನ ಜತೆ ಆಡೋಕೆ ಒಬ್ಬನೂ ಸಿಗದೆ, ಹಟಕ್ಕೆ ಬಿದ್ದು ತಗೊಂಡೆ.

ಲೆಕ್ಕ ಕೇಳಿ. ಆಟಕ್ಕೆ 2,499. ಅದು ಕೇಳುವುದು ಕನಿಷ್ಠ 12 ಜಿಬಿ, ನನ್ನ ಪಿಸಿಯಲ್ಲಿ ಇದ್ದದ್ದು 8, ಹಾಗಾಗಿ ಇನ್ನೊಂದು 8 ಜಿಬಿ ಸ್ಟಿಕ್‌ಗೆ 2,600. ಕೀಬೋರ್ಡ್‌ನಲ್ಲಿ ಬೆರಳು ಗಂಟು ಬಿದ್ದು ಕಂಟ್ರೋಲರ್ ತಂದೆ, 4,800. ಮಾರ್ಗಿಟ್ ಅನ್ನೋ ಬಾಸ್, ಅಂದರೆ ದೊಡ್ಡ ಶತ್ರು, ಅವನ ಹತ್ತಿರ ಸಿಟ್ಟು ನೆತ್ತಿಗೇರಿ ಅದನ್ನು ಗೋಡೆಗೆ ಎಸೆದೆ. ಎಸ್.ಪಿ. ರೋಡ್‌ಗೆ ಹೋದಾಗ ರಿಪೇರಿ ಮಾಡಿಸಿದೆ, 700. ಮೂರು ವಾರಕ್ಕೆ ಎಡಗಡೆಯ ಅನಲಾಗ್ ಡ್ರಿಫ್ಟ್ ಶುರು. ಸೇತುವೆ ಮೇಲೆ ಸುಮ್ನೆ ನಿಂತಿದ್ದರೂ ನನ್ನ ವೀರ ತಾನಾಗಿ ನಡೆದುಹೋಗಿ ಕಂದಕಕ್ಕೆ ಬೀಳುತ್ತಿದ್ದ. ಮತ್ತೆ ಹೊಸದು, 4,800. ಒಟ್ಟು ಹದಿನೈದು ಸಾವಿರದ ಮುನ್ನೂರ ತೊಂಬತ್ತೊಂಬತ್ತು. ಮನೆಯಲ್ಲಿ ಹೇಳಿರುವುದು ಐದು ಸಾವಿರ.

ಮಾರ್ಗಿಟ್ ನನ್ನನ್ನು 61 ಸಲ ಕೊಂದ. ಸುಳ್ಳಲ್ಲ. ಕ್ಯಾಲೆಂಡರ್ ಹಿಂದೆ ಪೆನ್ನಿನಲ್ಲಿ ಐದೈದು ಗೆರೆ ಎಳೆದು ಇಟ್ಟಿದ್ದೆ, ಅಮ್ಮ ಹಾಲಿನ ಲೆಕ್ಕ ಅಂದುಕೊಂಡಿದ್ದರು. ಅವನು ಕೋಲು ಎತ್ತುತ್ತಾನೆ, ನೀವು ಉರುಳುತ್ತೀರಿ. ಅವನು ಇನ್ನೂ ಎತ್ತಿಕೊಂಡೇ ಇರುತ್ತಾನೆ. ನೀವು ಉರುಳಿ ಎದ್ದು ನಿಂತ ಮೇಲೆ ಬಾರಿಸುತ್ತಾನೆ. 61 ಆದ ಮೇಲೆ ಬೇಸತ್ತು ಕುದುರೆ ಹತ್ತಿ ದಕ್ಷಿಣಕ್ಕೆ ಹೋದೆ. ವೀಪಿಂಗ್ ಪೆನಿನ್ಸುಲಾದಲ್ಲಿ ಗುಹೆ, ಚರ್ಚು ಅಂತ ಒಂದು ವಾರ ಅಲೆದೆ. ಕತ್ತಿ +3 ಆಯಿತು, ವಿಗರ್, ಅಂದರೆ ಜೀವಬಲ, 20 ದಾಟಿತು. ವಾಪಸ್ ಬಂದು ನನ್ನ ಪರ ಕಾದಾಡುವ ಮೂರು ತೋಳಗಳನ್ನು ಬಿಟ್ಟೆ ನೋಡಿ, ಎರಡನೇ ಸಲಕ್ಕೇ ಮಲಗಿದ. ಅಷ್ಟು ದೊಡ್ಡ ನಾಡು ಬಿಟ್ಟುಕೊಂಡು ಒಂದೇ ಬಾಗಿಲಿಗೆ ತಲೆ ಚಚ್ಚಿಕೊಂಡಿದ್ದೆನಲ್ಲ ಅಂತ ನಗು ಬಂತು. ಅಲ್ಲಿಂದ 140 ಗಂಟೆ ಆಡಿದ್ದೇನೆ. ಸುಮ್ನೆ ತಗೊಳ್ಳಿ.

ಕರಾವಳಿ ಕತ್ತಿ
ತೋಳ ಬಿಟ್ಟು ಗೆದ್ದದ್ದನ್ನು ಗೆದ್ದದ್ದು ಅಂತ ಹೇಳುತ್ತಾರಾ ಮಾರಾಯ್ರೆ? ಇರಲಿ.

ನನ್ನದು ಸೆಕಿರೊ, ಅದೂ ಇದೇ ಜಾತಿಯ ಆಟ. 2019ರಲ್ಲಿ ಬಿಡುಗಡೆಯಾದ ತಿಂಗಳೇ ಪಿಎಸ್4ಗೆ ಡಿಸ್ಕ್ ತಂದೆ. ಅದಕ್ಕಿಂತ ಮೊದಲು ಬ್ಲಡ್‌ಬೋರ್ನ್ ಎರಡು ಸಲ ಶುರು ಮಾಡಿ ಎರಡು ಸಲ ಬಿಟ್ಟವನು ನಾನು. ಈ ಜಾತಿಯ ಆಟವೇ ತಲೆಹರಟೆ ಅಂತ ತೀರ್ಮಾನ ಮಾಡಿಯಾಗಿತ್ತು. ಗೆನಿಚಿರೊ ಅನ್ನುವ ಬಾಸ್ ಹತ್ತಿರ ಆರು ರಾತ್ರಿ ಕಳೆದೆ. ಮೊದಲ ನಾಲ್ಕು ರಾತ್ರಿ ಪೂರ್ತಿ ವ್ಯರ್ಥ, ಯಾಕೆ ಗೊತ್ತುಂಟಾ? ಟಿವಿಯಲ್ಲಿ ಗೇಮ್ ಮೋಡ್ ಆಫ್ ಇತ್ತು! ನಾನು ಬಟನ್ ಒತ್ತಿದ್ದು ತೆರೆಗೆ ಬರುವಷ್ಟರಲ್ಲಿ ಕತ್ತಿ ಹೊಟ್ಟೆಯಲ್ಲಿ. ಐದನೇ ರಾತ್ರಿ ಭಾವ ಬಂದು ರಿಮೋಟ್ ಒತ್ತಿ ಸರಿ ಮಾಡಿದರು, ಈಗಲೂ ಮದುವೆ ಮನೆಗಳಲ್ಲಿ ಆ ಕಥೆ ಹೇಳುತ್ತಾರೆ.

ಆದರೆ ಬದಲಾದದ್ದು ಟಿವಿಯಿಂದ ಮಾತ್ರ ಅಲ್ಲ. ಆಮೇಲೂ ಸಾಯುತ್ತಲೇ ಇದ್ದೆ. ಒಮ್ಮೆ ಕಣ್ಣು ಉರಿ ಅಂತ ಅರ್ಧ ಮುಚ್ಚಿಕೊಂಡು ಆಡಿದೆ. ಆಗ ಕೇಳಿಸಿತು. ಟಣ್, ಟಣ್, ಟಟಣ್, ಬಿಟ್ಟು, ಟಣ್. ಸಣ್ಣದರಲ್ಲಿ ಬಯಲಾಟಕ್ಕೆ ಹೋಗಿ ಚೆಂಡೆಯವರ ಪಕ್ಕದಲ್ಲೇ ಕೂತು ನಿದ್ದೆ ಮಾಡಿದವ ನಾನು, ಲಯ ಹಿಡಿಯುವುದು ಹೇಳಿಕೊಡಬೇಕಾಗಿಲ್ಲ. ಸೆಕಿರೊದಲ್ಲಿ ಕತ್ತಿಗೆ ಕತ್ತಿ ಕೊಡಬೇಕು. ಸರಿಯಾಗಿ ತಡೆದರೆ ಅವನ ಪೋಸ್ಚರ್, ಅಂದರೆ ಸಮತೋಲನದ ಗೆರೆ, ತುಂಬಿ ಒಡೆಯುತ್ತದೆ, ನಿಮ್ಮದು ಒಡೆಯುವುದಿಲ್ಲ. ಓಡಿಹೋದರೆ ಅದು ಇಳಿದು ಮತ್ತೆ ಮೊದಲಿಂದ. ಕೊನೆಗೆ ಅವನು ಮಿಂಚು ಬಿಟ್ಟಾಗ ಹಾರಿ, ಗಾಳಿಯಲ್ಲೇ ಹಿಡಿದು, ನೆಲ ಮುಟ್ಟುವ ಮೊದಲು ಅವನಿಗೇ ವಾಪಸ್ ಹೊಡೆದೆ. ರಾತ್ರಿ ಎರಡೂಕಾಲಿಗೆ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಲೈಟ್ ಹತ್ತಿತು.

ನಷ್ಟವೂ ಆಗಿದೆ. ಆ ತಿಂಗಳು ಬ್ಯಾಂಕ್ ಪರೀಕ್ಷೆಗೆ ಓದಬೇಕಿತ್ತು. ಓದಲಿಲ್ಲ, ಪಾಸಾಗಲಿಲ್ಲ. ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಡ್ರ್ಯಾಗನ್‌ರಾಟ್‌ನಿಂದ. ನೀವು ಸಾಯುತ್ತಾ ಹೋದ ಹಾಗೆ ಆಟದ ಪಾಪದ ಜನ ಎಲ್ಲ ಕೆಮ್ಮಲು ಶುರು ಮಾಡುತ್ತಾರೆ. ನನ್ನಿಂದಾಗಿ ಇವರು ಕೆಮ್ಮುತ್ತಾರಲ್ಲ ಅಂತ ಊಟ ಸೇರುತ್ತಿರಲಿಲ್ಲ.

ರಾತ್ರಿಪಾಳಿ
ಎಲ್ಲರೂ ಗೆದ್ದವರೇ ಬರೆಯುತ್ತೀರಿ, ನಾನು ಸೋತವನು ಬರೆಯುತ್ತೇನೆ. ಮನಸ್ಸು ಬದಲಾಗುತ್ತೆ ಬದಲಾಗುತ್ತೆ ಅಂತ ಇಂಥವರೇ ಹೇಳಿ ಹೇಳಿ ನಾನೂ ಎಲ್ಡೆನ್ ರಿಂಗ್ ತಗೊಂಡೆ. ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಬೇಕಾದರೆ 14 ದಿನದ ಒಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು, ಅಲ್ವಾ? ನಾನು ಪಾತ್ರ ಮಾಡುವ ಪುಟದಲ್ಲಿ ಮೂಗಿನ ಉದ್ದ, ಹುಬ್ಬಿನ ದಪ್ಪ ಸರಿ ಮಾಡುತ್ತ 40 ನಿಮಿಷ ಕಳೆದೆ. ಆಮೇಲೆ ಆಟ ಶುರುವಾದರೆ ಪಾತ್ರದ ತಲೆ ಮೇಲೆ ಕಬ್ಬಿಣದ ಟೊಪ್ಪಿ, ಮೂಗೂ ಇಲ್ಲ ಹುಬ್ಬೂ ಇಲ್ಲ. ಗುಹೆಯಿಂದ ಹೊರಗೆ ಬಂದರೆ ಎದುರಿಗೇ ಚಿನ್ನದ ಕವಚದ ಕುದುರೆ ಸವಾರ. ಶುರುವಿನಲ್ಲಿ ಇಟ್ಟಿದ್ದಾರೆ ಅಂದರೆ ಶುರುವಿನಲ್ಲೇ ಹೊಡೆಯಬೇಕು ಅಂದುಕೊಂಡೆ. ಯಾವ ಆಟದಲ್ಲಾದರೂ ಹಾಗೇ ತಾನೇ? ಒಂದೂವರೆ ಗಂಟೆ ಅವನ ಕುದುರೆ ಕಾಲಡಿ ಇದ್ದೆ. ಸಾಕು ಅಂತ ರಿಫಂಡ್ ಒತ್ತಿದರೆ ಆಡಿದ ಸಮಯ 2 ಗಂಟೆ 11 ನಿಮಿಷ. ಆಗಲ್ಲ ಅಂತ ಉತ್ತರ ಬಂತು. ಹನ್ನೊಂದು ನಿಮಿಷ! ಮೂಗಿಗೆ ಕಳೆದ ಹನ್ನೊಂದು ನಿಮಿಷ!

ಮೂರು ತಿಂಗಳು ಬಿಟ್ಟು ದುಡ್ಡು ಕೊಟ್ಟಿದ್ದೀನಲ್ಲ ಅಂತ ಮತ್ತೆ ಶುರು ಮಾಡಿದೆ. ನೆಲದ ಮೇಲೆ ಬೇರೆ ಆಟಗಾರರು ಬರೆದಿಟ್ಟ ಸಂದೇಶ ಇರುತ್ತವೆ, "ಮುಂದೆ ನಿಧಿ" ಅಂತ. ನಂಬಿ ಹಾರಿದೆ. ಆಟದಲ್ಲಿ ದುಡ್ಡಿನ ಹಾಗೆ ಬಳಸುವ ರೂನ್ 9,000 ಹೋಯಿತು. ತರಲು ಹೋಗಿ ದಾರಿಯಲ್ಲಿ ಇನ್ನೊಮ್ಮೆ ಸತ್ತೆ, ಪೂರ್ತಿ ಹೋಯಿತು. ಇದನ್ನು ಸಾಧನೆ ಅನ್ನುವವರಿಗೆ ದೊಡ್ಡ ನಮಸ್ಕಾರ.

ಬೆಣ್ಣೆದೋಸೆ ನೈಟ್
ಸವಾರನನ್ನು ಬಿಟ್ಟು ಪಕ್ಕದಲ್ಲಿ ಹೋಗಬೇಕಿತ್ತು ಅಣ್ಣ. ಅವನನ್ನು ಅಲ್ಲಿ ಇಟ್ಟಿರುವುದೇ ಅದನ್ನು ಕಲಿಸೋಕೆ.

ರಾತ್ರಿಪಾಳಿ
2,499 ಕೊಟ್ಟು ಪಕ್ಕದಲ್ಲಿ ಹೋಗುವುದನ್ನು ಕಲಿಯಬೇಕಾ? ಅದನ್ನು ನಮ್ಮ ಆಫೀಸಿನಲ್ಲಿ ಬಿಟ್ಟಿ ಕಲಿಸುತ್ತಾರೆ.

ಗಿರ್ಮಿಟ್ ಮಂದಿ
ಎಲ್ಡೆನ್ ರಿಂಗ್‌ನ್ಯಾಗ ಕುದುರೆ ಐತಿ, ಮ್ಯಾಪ್ ಐತಿ, ತೋಳ ಅದಾವ. ಇನ್ನೇನು ಬೇಕ್ರಿ ನಿಮಗ? ಸರಿ, ಎಲ್ಲರಿಗೂ ತಿಳಿಯುವಂಗ ಬರೀತೀನಿ.

ನಾನು ಡಾರ್ಕ್ ಸೋಲ್ಸ್ ಆಡಿದ್ದು 2012ರಲ್ಲಿ ಪಿಸಿಗೆ ಬಂದಾಗ. ಅದರ ಚಿತ್ರ 1024×720ಕ್ಕೆ ಸಿಕ್ಕಿಹಾಕಿಕೊಂಡಿತ್ತು, ದೊಡ್ಡ ಮಾನಿಟರ್‌ನಲ್ಲಿ ನೀರಲ್ಲಿ ನೆನೆದ ಫೋಟೋ ಕಂಡಂಗೆ ಕಾಣುತ್ತಿತ್ತು. ಅಭಿಮಾನಿಯೊಬ್ಬ ಮಾಡಿದ ಫಿಕ್ಸ್ ಹಾಕಿಕೊಂಡೇ ಆಡಬೇಕಿತ್ತು. ಆಗ ಬೈದಷ್ಟು ಯಾವ ಆಟಕ್ಕೂ ಬೈದಿಲ್ಲ. ಕ್ಯಾಪ್ರಾ ಡೀಮನ್ ಅನ್ನೋ ಬಾಸ್‌ನ ಕೋಣೆ ನಮ್ಮ ಅಡುಗೆಮನೆಗಿಂತ ಸಣ್ಣದು, ಅದರಲ್ಲಿ ಅವನು, ಎರಡು ನಾಯಿ, ಜತೆಗೆ ನನ್ನ ಕ್ಯಾಮೆರಾ ಗೋಡೆಯೊಳಗೆ. ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿದೆ. ನಮ್ಮ ಏರಿಯಾದಲ್ಲಿ ಆಗ ಸಂಜೆ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಜೋಡಿ ಬಾಸ್‌ಗಳಲ್ಲಿ ಆರ್ನ್‌ಸ್ಟೀನ್ ಸತ್ತು ಸ್ಮೌ ಹೆಸರಿನ ಗೆರೆ ಇಷ್ಟೇ ಇಷ್ಟು ಉಳಿದಿತ್ತು, ಹೋಯಿತು ಕರೆಂಟ್. ಮರುದಿನ ಯುಪಿಎಸ್ ತಂದೆ. ಅದರ ಬ್ಯಾಟರಿ ಎಂಟು ತಿಂಗಳಿಗೆ ಸತ್ತಿತು. ಇನ್ನೊಂದು ಹಾಕಿಸಿದೆ. ಆ ಇಬ್ಬರನ್ನು ಹೊಡೆಯಲು ಯುಪಿಎಸ್‌ಗೇ ನಾಲ್ಕು ಸಾವಿರ ಸುರಿದಿದ್ದೇನೆ, ಆಟಕ್ಕೆ ಕೊಟ್ಟದ್ದು ಅದರ ಕಾಲು ಭಾಗ ಇಲ್ಲ.

ಮನಸ್ಸು ಬದಲಾಗಿದ್ದು ಗೆದ್ದಾಗ ಅಲ್ಲ. ಮೇಲಿನ ಚರ್ಚಿನಲ್ಲಿ ಒಂದು ಲಿಫ್ಟ್ ಹತ್ತಿದೆ. ಅದು ಇಳಿದು ಇಳಿದು ಬಾಗಿಲು ತೆರೆದರೆ ಆಟ ಶುರುವಾದ ಫೈರ್‌ಲಿಂಕ್‌ಗೇ ಬಂದು ನಿಂತಿತು. ಹನ್ನೆರಡು ತಾಸು ಸುತ್ತಿದ ಊರು ಇದರ ತಲೆಮೇಲೇ ಇತ್ತಾ ಅಂತ ಕಂಟ್ರೋಲರ್ ಕೆಳಗಿಟ್ಟು ಕೂತೆ. ಬಾಸ್‌ಗಳ ಲೆಕ್ಕ ಹೇಳುವವರಿಗೆ ಇದು ತಿಳಿಯುವುದಿಲ್ಲ.

ಹೇಡಿಸ್ ಹುಡುಗ
ನನಗೆ ಈ ಕಷ್ಟದ ಆಟಗಳ ಮೇಲಿನ ಸಿಟ್ಟು ಇಳಿಸಿದ್ದು ಹೇಡಿಸ್. ಅದರಲ್ಲಿ ಗಾಡ್ ಮೋಡ್ ಇದೆ, ಶುರುವಿಗೆ 20% ಏಟು ಕಮ್ಮಿ, ಪ್ರತಿ ಸಾವಿಗೂ ಇನ್ನೂ 2% ಕಮ್ಮಿ. ಸತ್ತರೆ ಮನೆಗೆ ಹೋಗಿ ಅಪ್ಪನ ಹತ್ತಿರ ಬೈಸಿಕೊಂಡು, ನಾಯಿಗೆ ತಲೆ ಸವರಿ, ಮತ್ತೆ ಹೊರಡುವುದು. ಒಂದು ಸುತ್ತು ಅರ್ಧ ಗಂಟೆ.

ಗಿರ್ಮಿಟ್ ಮಂದಿ
ಹೇಡಿಸ್ ರೋಗ್‌ಲೈಟ್, ಸತ್ತಾಗೆಲ್ಲ ಮೊದಲಿಂದ ಹೊರಡುವ ಜಾತಿ. ಕೇಳಿದ್ದು ಸೋಲ್ಸ್. ಮಿರ್ಚಿ ಕೇಳಿದವನಿಗೆ ಮೈಸೂರ್‌ಪಾಕ್ ಕೊಟ್ಟಂಗೆ.

ಹೇಡಿಸ್ ಹುಡುಗ
ಅವರು ಕೇಳಿದ್ದು ರಾತ್ರಿ ಒಂದು ಗಂಟೆಯಲ್ಲಿ ಆಗುತ್ತಾ ಅಂತ. ನಿಮ್ಮ ಯುಪಿಎಸ್ ಬ್ಯಾಟರಿ ಕಥೆ ಕೇಳಿರಲಿಲ್ಲ ಅಂಕಲ್.

ಗಿರ್ಮಿಟ್ ಮಂದಿ
ಯಾರಪ್ಪಾ ಅಂಕಲ್? ನನಗೆ 36.

ಕರಾವಳಿ ಕತ್ತಿ
ಏಟು ಕಡಿಮೆ ಮಾಡಿಕೊಂಡು ಆಡುವುದು, ತೋಳ ಬಿಡುವುದು, ಎಲ್ಲ ಒಂದೇ. ಬೌಂಡರಿ ಹತ್ತಿರ ತಂದುಕೊಂಡು ಸಿಕ್ಸ್ ಹೊಡೆದ ಹಾಗೆ.

ಬೆಣ್ಣೆದೋಸೆ ನೈಟ್
ಟಿವಿ ರಿಮೋಟ್ ಒತ್ತಲು ಭಾವ ಬೇಕಾದವರು ಸಹಾಯದ ಬಗ್ಗೆ ಮಾತಾಡಬಾರದು.

ಕರಾವಳಿ ಕತ್ತಿ
ಭಾವನ ಸುದ್ದಿ ಬೇಡ.

ಅಮ್ಮನೂ ಆಡ್ತಾಳೆ
ಜಗಳ ಸಾಕು ಮಕ್ಕಳೇ. ನನಗೆ 44. ಮಗ ಕಾಲೇಜಿಗೆ ಹಾಸ್ಟೆಲ್ ಸೇರಿದ ಮೇಲೆ ಅವನ ಪಿಎಸ್4 ಧೂಳು ಹಿಡಿಯುತ್ತಿತ್ತು ಅಂತ ಶುರು ಮಾಡಿದ್ದು. ಅದಕ್ಕೆ ಮುಂಚೆ ಅವನು ಬ್ಲಡ್‌ಬೋರ್ನ್ ಆಡುವಾಗ "ಏನೋ ಇದು, ಬರೀ ರಕ್ತ, ಬರೀ ಸಾಯೋದು" ಅಂತ ಟಿವಿಗೆ ಅಡ್ಡ ನಿಲ್ಲುತ್ತಿದ್ದವಳು ನಾನೇ. ಈಗ ಎಲ್ಡೆನ್ ರಿಂಗ್ ಮುಗಿಸಿದ್ದೇನೆ, ಮಗನನ್ನು ಭಾನುವಾರ ಭಾನುವಾರ ಆನ್‌ಲೈನ್‌ನಲ್ಲಿ ನನ್ನ ಆಟದೊಳಗೆ ಸಹಾಯಕ್ಕೆ ಕರೆಸಿಕೊಂಡು. ಅವನ ಪಾತ್ರ ನೆಲದಿಂದ ಎದ್ದು ಬಂದು ಎರಡು ಕೈ ಎತ್ತಿ ನಮಸ್ಕಾರ ಹಾಕಿದ ಮೊದಲ ದಿನ ಅತ್ತುಬಿಟ್ಟೆ. ಆಮೇಲೆ ಇಬ್ಬರೂ ಹನ್ನೆರಡು ಸೆಕೆಂಡಿನಲ್ಲಿ ಸತ್ತೆವು, ಅದು ಬೇರೆ ಮಾತು. ಆನ್‌ಲೈನ್ ಆಡಲು ಇಬ್ಬರದೂ ಚಂದಾ ನಾನೇ ಕಟ್ಟುತ್ತಿದ್ದೇನೆ, ಮಗನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ, ಆಟಕ್ಕೆ ಕರೆದರೆ ಬರುತ್ತಾನೆ.

ಸಹಾಯ ತಗೊಳ್ಳುವುದು ಮೋಸ ಅನ್ನುವವರಿಗೆ ಒಂದು ಮಾತು. ಈ ಕರೆಯುವ ಏರ್ಪಾಡು ಹೇಗೆ ಹುಟ್ಟಿತು ಅಂತ ನಿರ್ದೇಶಕ ಮಿಯಾಜಾಕಿಯವರೇ ಹೇಳಿದ್ದಾರೆ. ಹಿಮದ ಏರಿನಲ್ಲಿ ಕಾರುಗಳು ಜಾರಿ ನಿಂತಿದ್ದವಂತೆ. ಹಿಂದಿನವರು ಮುಂದಿನವರ ಕಾರನ್ನು ತಳ್ಳಿ ತಳ್ಳಿ ಎಲ್ಲರೂ ದಾಟಿದರಂತೆ. ನಿಂತು ಥ್ಯಾಂಕ್ಸ್ ಹೇಳಲು ಹೋದರೆ ತಾನು ಮತ್ತೆ ಜಾರಿಬಿಡುತ್ತೇನೆ ಅಂತ ಅವರು ಹಾಗೇ ಹೋದರಂತೆ. ಆಟ ಮಾಡಿದವರಿಗೇ ಇಲ್ಲದ ಮಡಿ ನಿಮಗ್ಯಾಕೆ?

ಆಮೇಲೆ ಕೇಳಿದವರಿಗೆ: ಮಗು ಇರುವ ಮನೆ ಅಂದಿರಿ. ಎಲ್ಡೆನ್ ರಿಂಗ್‌ನಲ್ಲಿ ಆಟ ತಡೆದು ನಿಲ್ಲಿಸುವ ಪಾಜ್ ಬಟನ್ ನೇರವಾಗಿ ಇಲ್ಲ. ಕುಕ್ಕರ್ ಕೂಗಿದಾಗ ಎದ್ದು ಹೋಗಿ ಎಷ್ಟು ಸಲ ಸತ್ತಿದ್ದೇನೋ. ಇನ್ವೆಂಟರಿ ತೆಗೆದು, ಹೆಲ್ಪ್ ಒತ್ತಿ, ಮೆನು ಎಕ್ಸ್‌ಪ್ಲನೇಷನ್ ಅಂತ ಇದೆಯಲ್ಲ, ಅದನ್ನು ತೆರೆದಿಟ್ಟರೆ ಆಟ ನಿಲ್ಲುತ್ತೆ. ಸೆಕಿರೊದಲ್ಲಾದರೆ ಸರಿಯಾಗಿಯೇ ಪಾಜ್ ಆಗುತ್ತೆ. ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಸಾಕು ಕೂಡ.

ರಾತ್ರಿಪಾಳಿ
ಪಾಜ್ ಮಾಡಲು ಮೂರು ಮೆನು. ನೋಡಿ, ನಾನು ಹೇಳಲಿಲ್ಲವಾ?

ಒಂದ್‌ಗಂಟೆ ಗೇಮರ್
ಎಲ್ಲರಿಗೂ ಥ್ಯಾಂಕ್ಸ್. 8 ಜಿಬಿ ಅಂತ ಮೊದಲೇ ಬರೆದಿದ್ದೆ, ಅದನ್ನು ಓದಿದ್ದು ಅಕ್ಕ ಒಬ್ಬರೇ. ತಮ್ಮನ ಗಿಫ್ಟ್ ಬೇಡ ಅಂತ ಒತ್ತಿದೆ, ಅವನಿಗೆ ದುಡ್ಡು ವಾಪಸ್ ಹೋಯಿತು, ಒಂದು ದಿನ ಮುನಿಸಿಕೊಂಡಿದ್ದ, ಆಮೇಲೆ ಸೆಕಿರೊ ಕಳಿಸಿದ. ನಿನ್ನೆ ರಾತ್ರಿ ಶುರು ಮಾಡಿದೆ. ಮೊದಲ ಗಂಟೆ ಮುಗಿಯುವ ಮೊದಲೇ ಗೆನಿಚಿರೊ ನನ್ನ ಕೈ ಕತ್ತರಿಸಿದ. ಅಷ್ಟರಲ್ಲಿ ಮಗಳು ಎದ್ದಳು. ಪಾಜ್ ಮಾಡಿ ಹೋಗಿ ತೂಗಿ ಮಲಗಿಸಿ ಬಂದೆ, ಎಲ್ಲ ಹಾಗೇ ಇತ್ತು. ಇಷ್ಟ ಆಯಿತಾ ಅಂತ ಕೇಳಬೇಡಿ, ಇನ್ನೂ ಗೊತ್ತಿಲ್ಲ. ಕೀಬೋರ್ಡ್‌ನಲ್ಲಿ ತಡೆಯುವುದು ಮಾತ್ರ ಬಹಳ ಕಷ್ಟ.

ಕರಾವಳಿ ಕತ್ತಿ
ಅಲ್ಲಿ ಕೈ ಹೋಗಲೇಬೇಕು, ಗೆದ್ದರೂ ಹೋಗುತ್ತದೆ. ಬೇಜಾರು ಮಾಡಬೇಡಿ. ಕಣ್ಣು ಅರ್ಧ ಮುಚ್ಚಿ ಆಡಿ.

ಬೆಣ್ಣೆದೋಸೆ ನೈಟ್
ಗುರು, ಕಂಟ್ರೋಲರ್ ಬೇಕಾ? ನನ್ನ ಹತ್ತಿರ ಹಳೆಯದು ಒಂದಿದೆ. ಎಡಕ್ಕೆ ಸ್ವಲ್ಪ ಎಳೆಯುತ್ತೆ ಅಷ್ಟೇ. 1,500 ಕೊಡಿ.