ಪುಟ್ಟೀ, ಮೊದಲು ಲೋಹ ಎಲ್ಲಿಗೆ ಹೋಯ್ತು ನೋಡು

ಪುಟ್ಟೀ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಐದು ನಾಣ್ಯದ ಫೋಟೋಗಳನ್ನೂ ದೊಡ್ಡದು ಮಾಡಿ ಮಾಡಿ ನೋಡಿದೆ. "ಮಾವ, ಇವೆಲ್ಲ ಎರರ್ ಕಾಯಿನ್ ಅಲ್ವಾ?" ಅಂತ ಕೇಳಿದ್ದೀಯ, ಅಂದರೆ ನಾಣ್ಯ ತಯಾರಿಸುವ ಟಂಕಸಾಲೆಯಲ್ಲೇ ತಪ್ಪಾಗಿ ಮೂಡಿದ ನಾಣ್ಯ. ಒಂದರಲ್ಲಿ ಇಸವಿ ಇಲ್ಲ, ಒಂದರಲ್ಲಿ ಅಕ್ಷರ ಎರಡೆರಡಾಗಿ ಕಾಣುತ್ತದೆ, ಒಂದರ ಮೇಲೆ ಉದ್ದ ಗೆರೆ, ಒಂದು ಕುಗ್ಗಿದ ಹಾಗಿದೆ, ಕೊನೆಯದರ ಅಂಚನ್ನು ಯಾರೋ ಕಚ್ಚಿದ ಹಾಗಿದೆ. ನಿಮ್ಮ ದೊಡ್ಡಪ್ಪ ಆಗಲೇ "ಹುಡುಗಿಗೆ ಅದೃಷ್ಟ ಖುಲಾಯಿಸಿತು" ಅಂತ ಬರೆದುಬಿಟ್ಟಿದ್ದಾರೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ನಾಣ್ಯಗಳನ್ನು ಮುಂದೆ ಇಟ್ಟುಕೊಂಡೇ ಕೇಳು.

ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಪ್ರಕಾರ ಐದರಲ್ಲಿ ಎರಡು ಬರೀ ಸವೆತ, ಪೆಟ್ಟು. ಇನ್ನೆರಡು ಟಂಕಸಾಲೆಯಲ್ಲೇ ಆದದ್ದು, ಆದರೆ ಕುಣಿಯುವಂಥದ್ದೇನಲ್ಲ. ಒಂದು ಮಾತ್ರ ನನಗೂ ಆಸೆ ಹುಟ್ಟಿಸಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾಣ್ಯ ಹೇಗೆ ಹುಟ್ಟುತ್ತದೆ ಅಂತ ಗೊತ್ತಿಲ್ಲದೆ ಅದರ ತಪ್ಪು ಹುಡುಕೋಕೆ ಆಗಲ್ಲ. ಉದ್ದನೆಯ ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಕಾಯಿಸಿ ಮೆತ್ತಗೆ ಮಾಡುತ್ತಾರೆ. ಆಮೇಲೆ ಬಿಲ್ಲೆಯನ್ನು ಒತ್ತಿ ಉರುಳಿಸಿ ಅಂಚನ್ನು ಸ್ವಲ್ಪ ಎಬ್ಬಿಸುತ್ತಾರೆ. ಕೊನೆಗೆ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಬಳೆಯ ಹಾಗೆ ಒಂದು ಕಾಲರ್. ಟಪ್ ಅಂತ ಒಂದೇ ಏಟು. ಲೋಹ ಅಚ್ಚಿನ ತಗ್ಗುಗಳಿಗೆಲ್ಲ ನುಗ್ಗುತ್ತದೆ, ಅಂಚು ಕಾಲರಿಗೆ ಒತ್ತಿಕೊಂಡು ಅಲ್ಲಿನ ಸಣ್ಣ ಗೆರೆಗಳೂ ಮೂಡುತ್ತವೆ. ಈ ಏಟು ಮುಗಿದು ನಾಣ್ಯ ಅಚ್ಚಿನಿಂದ ಹೊರಬೀಳುವವರೆಗೆ ಏನು ಎಡವಟ್ಟಾದರೂ ಅದು ಟಂಕಸಾಲೆಯದ್ದು. ಹೊರಬಿದ್ದ ಮೇಲೆ ಏನೇ ಆದರೂ ಅದು ಪೆಟ್ಟು. ಜೇಬಲ್ಲಿ ಉಜ್ಜಿಕೊಳ್ಳಲಿ, ರಸ್ತೆಯಲ್ಲಿ ಗಾಡಿ ಹತ್ತಲಿ, ಯಾರಾದರೂ ಬೇಕಂತಲೇ ಕೆತ್ತಲಿ, ಎಲ್ಲ ಒಂದೇ.

ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ಮಕ್ಕಳ ಆಟದ ಜೇಡಿಮಣ್ಣು ಇದೆಯಲ್ಲ, ಅದನ್ನು ಸ್ವಲ್ಪ ತಗೊಂಡು ಒಂದು ನಾಣ್ಯ ಒತ್ತು. ತಗ್ಗಾದ ಅಚ್ಚು ಸಿಗುತ್ತದೆ. ಒಣಗಲು ಬಿಡು. ಆಮೇಲೆ ಆ ಅಚ್ಚಿನ ಮೇಲೆ ಪಿನ್ನಿನಿಂದ ಒಂದು ಗೀರು ಎಳೆ. ಈಗ ಹೊಸ ಮಣ್ಣನ್ನು ಅದರೊಳಗೆ ಒತ್ತಿ ತೆಗೆ. ಗೀರು ಎಲ್ಲಿತ್ತೋ ಅಲ್ಲಿ ಉಬ್ಬಿದ ಗೆರೆ ಬಂದಿರುತ್ತದೆ! ಈಗ ಅದೇ ಹೊಸ ಮಣ್ಣಿನ ನಾಣ್ಯದ ಮೇಲೆ ನೇರವಾಗಿ ಪಿನ್ ಎಳೆ. ಇದು ತಗ್ಗು, ಪಕ್ಕದಲ್ಲಿ ಮಣ್ಣು ಏರಿ ನಿಂತಿರುತ್ತದೆ. ಅಚ್ಚಿಗೆ ಆದ ಗಾಯ ನಾಣ್ಯದಲ್ಲಿ ಉಬ್ಬು. ನಾಣ್ಯಕ್ಕೇ ಆದ ಗಾಯ ತಗ್ಗು. ಯಾವ ನಾಣ್ಯ ಕೈಗೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಲೋಹ ಎಲ್ಲಿಗೆ ಹೋಯ್ತು?

ಈಗ ನಿನ್ನ ಮೂರನೇ ಫೋಟೋದಿಂದಲೇ ಶುರು ಮಾಡೋಣ, ಆ ಉದ್ದ ಗೆರೆ. ಫೋಟೋದಲ್ಲಿ ಉಬ್ಬೋ ತಗ್ಗೋ ಅಂತ ಕಣ್ಣು ಮೋಸ ಹೋಗುತ್ತದೆ. ದೀಪವನ್ನು ನಾಣ್ಯದ ಎಡಕ್ಕೆ, ಎತ್ತರ ಕಡಿಮೆ ಇರುವ ಹಾಗೆ ಇಡು. ಗೆರೆ ಉಬ್ಬಿದ್ದರೆ ದೀಪದ ಕಡೆಯ ಬದಿ ಹೊಳೆಯುತ್ತದೆ, ನೆರಳು ಬಲಕ್ಕೆ ಬೀಳುತ್ತದೆ. ಗೀರಾಗಿದ್ದರೆ ಉಲ್ಟಾ. ನೀನು ಹಾಕಿದ್ದರಲ್ಲಿ ಪಕ್ಕದ ಅಕ್ಷರಗಳ ನೆರಳು ಯಾವ ಕಡೆ ಬಿದ್ದಿದೆಯೋ ಗೆರೆಯ ನೆರಳೂ ಆ ಕಡೆಯೇ ಇದೆ. ಅಂದರೆ ಅದು ಉಬ್ಬಿದೆ. ಅದೂ ಅಲ್ಲದೆ ಗೆರೆ ಸೊಟ್ಟಸೊಟ್ಟಾಗಿ, ಅಂಚಿನಿಂದ ಶುರುವಾಗಿ ಅಕ್ಷರದ ಮೇಲೂ ಹತ್ತಿ ಇಳಿದಿದೆ. ಇದು ಅಚ್ಚು ಬಿರುಕು ಬಿಟ್ಟದ್ದು. ಸಾವಿರಾರು, ಲಕ್ಷಾಂತರ ಏಟು ತಿಂದ ಉಕ್ಕು ಬಿರುಕು ಬಿಡದೆ ಇರುತ್ತದೆಯೇ? ಬಿರುಕಿನೊಳಗೆ ಲೋಹ ನುಗ್ಗಿ ಹೀಗೆ ಗೆರೆ ಬರುತ್ತದೆ. ಅಸಲಿ, ಇಟ್ಟುಕೋ, ಆದರೆ ಇಂಥವು ಬೇಕಾದಷ್ಟಿವೆ. ಅಂಚಿನ ಹತ್ತಿರ ಅಚ್ಚಿನ ಒಂದು ತುಂಡೇ ಉದುರಿ ಹೋಗಿದ್ದರೆ ನಾಣ್ಯದಲ್ಲಿ ಅಲ್ಲಿ ದಪ್ಪ ಗುಡ್ಡೆ ಬರುತ್ತದೆ, ಅದರೊಳಗೆ ಚಿತ್ರವೇ ಇರಲ್ಲ. ಅದು ಸಿಕ್ಕರೆ ನನಗೆ ಫೋನೇ ಮಾಡು.

ಇದೇ ವಿಷಯಕ್ಕೆ ಒಂದು ಕಥೆ. 1937ರ ಅಮೆರಿಕದ ಐದು ಸೆಂಟ್ ನಾಣ್ಯದಲ್ಲಿ ಕಾಡೆಮ್ಮೆ ಇದೆ. ಡೆನ್ವರ್ ಟಂಕಸಾಲೆಯಲ್ಲಿ ಅಚ್ಚಿನ ಗಾಯ ತೆಗೆಯಲು ಜಾಸ್ತಿ ಉಜ್ಜಿ, ಎಮ್ಮೆಯ ಒಂದು ಮುಂಗಾಲೇ ಮಾಯವಾಯಿತು. ಮೂರು ಕಾಲಿನ ಎಮ್ಮೆ ಅಂತ ಸಂಗ್ರಹಕಾರರು ಈಗಲೂ ಮುಗಿಬೀಳುತ್ತಾರೆ. ಬೇಡಿಕೆ ಇದ್ದಲ್ಲಿ ಕಳ್ಳರೂ ಇರುತ್ತಾರಲ್ಲ, ಮಾಮೂಲಿ ನಾಣ್ಯದ ಕಾಲು ಕೆರೆದು ಮಾರುವವರು ಹುಟ್ಟಿಕೊಂಡರು. ಆದರೆ ಅಸಲಿ ನಾಣ್ಯದಲ್ಲಿ ಎಮ್ಮೆಯ ಹೊಟ್ಟೆಯ ಕೆಳಗಿಂದ ನೆಲದವರೆಗೆ ಉಬ್ಬಿದ ಚುಕ್ಕೆಗಳ ಸಾಲಿದೆ, ಎಮ್ಮೆ ಉಚ್ಚೆ ಹೊಯ್ಯುತ್ತಿರುವ ಹಾಗೆ! ನಗಬೇಡ, ಅಸಲಿ ಗುರುತಿಸಲು ದೊಡ್ಡ ದೊಡ್ಡವರೂ ಅದನ್ನೇ ಹುಡುಕುತ್ತಾರೆ. ಕೆರೆದು ಕಾಲು ತೆಗೆಯಬಹುದು, ಕೆರೆದು ಉಬ್ಬಿದ ಚುಕ್ಕೆ ತರಿಸೋಕೆ ಆಗುತ್ತದೆಯೇ?

ಮೊದಲನೇ ಫೋಟೋ, ಇಸವಿ ಇಲ್ಲದ್ದು. ಭೂತಗನ್ನಡಿ ಹಿಡಿದು ಇಸವಿ ಇರಬೇಕಾದ ಜಾಗ ಬಿಟ್ಟು ಬೇರೆ ಕಡೆ ನೋಡು. ಕೂದಲಿನ ಎಳೆಗಳು ಅಳಿಸಿವೆಯಾ? ಕೆನ್ನೆ ಚಪ್ಪಟೆಯಾಗಿ ನುಣುಪಾಗಿದೆಯಾ? ಅಂಚಿನ ಕಟ್ಟೆ ಅಕ್ಷರಗಳ ಜೊತೆ ಸೇರಿಹೋಗಿದೆಯಾ? ನನಗೆ ಮೂರೂ ಕಾಣುತ್ತಿದೆ. ಇದು ಕೈಯಿಂದ ಕೈಗೆ ಓಡಾಡಿ ಸವೆದದ್ದು. ಸವೆತ ಎತ್ತರವಾಗಿರುವುದನ್ನೆಲ್ಲ ಮೊದಲು ತಿನ್ನುತ್ತದೆ, ಒಂದನ್ನೇ ಆರಿಸಿಕೊಂಡು ತಿನ್ನಲ್ಲ. ಆಗಲೇ ಹೇಳಿದ ಎಮ್ಮೆ ನಾಣ್ಯದಲ್ಲೂ ಇಸವಿ ಎತ್ತರದ ಜಾಗದಲ್ಲಿತ್ತು, ಹಾಗಾಗಿ ಇಸವಿ ಅಳಿಸಿಹೋದವು ರಾಶಿ ರಾಶಿ ಸಿಗುತ್ತವೆ. ಅವನ್ನು ಯಾರೂ ಎರರ್ ಅನ್ನಲ್ಲ.

ಅಕ್ಕಪಕ್ಕದ್ದೆಲ್ಲ ಚೂಪಾಗಿ ಹೊಸದರ ಹಾಗಿದ್ದು, ಎರಡು ಅಂಕಿ ಮಾತ್ರ ಮಸುಕಾಗಿದ್ದರೆ ಮಾತು ಬೇರೆ. ಅಚ್ಚಿನ ತಗ್ಗಿನಲ್ಲಿ ಗ್ರೀಸು, ಕಸ ತುಂಬಿಕೊಂಡು ಅಲ್ಲಿಗೆ ಲೋಹ ಹೋಗಿಲ್ಲ ಅಂತ ಅರ್ಥ. ಇನ್ನು ಇಸವಿಯನ್ನೇ ಹಾಕದೆ ಬಿಟ್ಟದ್ದೂ ಉಂಟು. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಚಿತ್ರ ಬದಲಾಯಿಸಿದರು. ಮೊದಲು ಹಿಂಬದಿಯಲ್ಲಿದ್ದ ಇಸವಿಯನ್ನು ರಾಣಿಯ ಮುಖ ಇರುವ ಬದಿಗೆ ತಂದರು. ಗಡಿಬಿಡಿಯಲ್ಲಿ ಹೊಸ ಹಿಂಬದಿಗೆ ಹಳೇ ಮುಖದ ಅಚ್ಚು ಸೇರಿಕೊಂಡಿತು. ಎರಡು ಬದಿಯಲ್ಲೂ ಇಸವಿಯೇ ಇಲ್ಲ! ಅಂಥವು 50,000ದಿಂದ 2,00,000 ಇರಬಹುದು ಅಂತ ಟಂಕಸಾಲೆಯೇ ಹೇಳಿತು. ಅಂಥ ನಾಣ್ಯದಲ್ಲಿ ಉಳಿದದ್ದೆಲ್ಲ ನೀಟಾಗಿರುತ್ತದೆ. ಇಸವಿಯ ಜಾಗದಲ್ಲಿ ಉಜ್ಜಿದ ಗುರುತೂ ಇರಲ್ಲ.

ಎರಡನೇದು, ಎರಡೆರಡು ಅಕ್ಷರ. ಹೊಸಬರು ಎಲ್ಲರೂ ಜಾರಿ ಬೀಳುವುದು ಇಲ್ಲೇ, ನಾನೂ ಬಿದ್ದಿದ್ದೇನೆ. ಅಸಲಿ ಡಬಲ್ ಡೈ ಅಂದರೆ ಅಚ್ಚು ತಯಾರಿಸುವಾಗಲೇ ಚಿತ್ರ ಅದರ ಮೇಲೆ ಎರಡು ಸಲ, ಸ್ವಲ್ಪ ಸರಿದು ಬಿದ್ದಿರುತ್ತದೆ. ಹಿಂದೆಲ್ಲ ಅಚ್ಚಿಗೆ ಒಂದೇ ಸಲಕ್ಕೆ ಪೂರ್ತಿ ಚಿತ್ರ ಇಳಿಯುತ್ತಿರಲಿಲ್ಲ. ಒಮ್ಮೆ ಒತ್ತಿ, ಕಾಯಿಸಿ ಮೆತ್ತಗೆ ಮಾಡಿ, ಮತ್ತೆ ಅದೇ ಜಾಗಕ್ಕೆ ಕೂರಿಸಿ ಒತ್ತುತ್ತಿದ್ದರು. ಕೂರಿಸುವಾಗ ಕೂದಲೆಳೆ ತಪ್ಪಿದರೆ ಆಯ್ತು, ಆ ಅಚ್ಚಿನಿಂದ ಬರುವ ಪ್ರತಿ ನಾಣ್ಯದಲ್ಲೂ ಅದೇ ಜೋಡಿ ಅಕ್ಷರ. 1955ರ ಅಮೆರಿಕದ ಒಂದು ಸೆಂಟ್ ಇದಕ್ಕೆ ಪ್ರಸಿದ್ಧ. ಸುಮಾರು 20,000ದಿಂದ 24,000 ನಾಣ್ಯ ಹೊರಗೆ ಬಂದವು. ಇಸವಿ, ಅಕ್ಷರ ಎರಡೆರಡಾಗಿರುವುದು ಭೂತಗನ್ನಡಿಯೇ ಬೇಡ, ಬರಿಗಣ್ಣಿಗೆ ಕಾಣುತ್ತದೆ.

ನಿನ್ನದು ಅದಲ್ಲ ಪುಟ್ಟೀ. ಅಚ್ಚು ಸ್ವಲ್ಪ ಸಡಿಲವಾಗಿದ್ದರೆ ಏಟು ಬಿದ್ದ ಕೂಡಲೇ ಅದು ಅಲುಗಾಡುತ್ತದೆ. ಆಗ ತಾನೇ ಎದ್ದ ಅಕ್ಷರದ ಒಂದು ಬದಿಯನ್ನು ಒರೆಸಿ ಚಪ್ಪಟೆ ಮಾಡುತ್ತದೆ. ಅದನ್ನು ಮಷಿನ್ ಡಬ್ಲಿಂಗ್ ಅನ್ನುತ್ತಾರೆ. ವ್ಯತ್ಯಾಸ ಹೇಗೆ ಅಂದರೆ, ಅಸಲಿ ಡಬಲ್‌ನಲ್ಲಿ ಅಕ್ಷರ ದಪ್ಪಗಾಗಿರುತ್ತದೆ, ಎರಡೂ ದುಂಡಗೆ ಎದ್ದಿರುತ್ತವೆ, ಮೂಲೆಯಲ್ಲಿ ಹಾವಿನ ನಾಲಿಗೆಯ ಹಾಗೆ ಸೀಳು ಕಾಣುತ್ತದೆ. ಮಷಿನ್ ಡಬ್ಲಿಂಗ್‌ನಲ್ಲಿ ಅಕ್ಷರ ತೆಳ್ಳಗಾಗಿ, ಪಕ್ಕದಲ್ಲಿ ಮೆಟ್ಟಿಲಿನ ಹಾಗೆ ಚಪ್ಪಟೆ ಹೊಳೆಯುವ ಪಟ್ಟಿ ಇರುತ್ತದೆ. ಲೋಹ ಜಾಸ್ತಿಯಾಗಿಲ್ಲ, ಇದ್ದದ್ದೇ ಕೆಳಗೆ ಸರಿದಿದೆ. ನಿನ್ನ ಫೋಟೋದಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ಕಡೆ ಮೆಟ್ಟಿಲಿದೆ. ಟಂಕಸಾಲೆಯಲ್ಲೇ ಆದದ್ದು ಹೌದು, ಆದರೆ ಸಂಗ್ರಹಕಾರರು ಮೂಸಿಯೂ ನೋಡಲ್ಲ. ಅಚ್ಚು ತೀರಾ ಸವೆದು ಅಕ್ಷರದ ಸುತ್ತ ಮಂಜುಮಂಜಾಗಿ ಜೋಡಿ ಕಾಣುವುದೂ ಇದೆ. 1955ರದ್ದೇ ಅಂಥ ಸೆಂಟ್‌ಗಳಿಗೆ "ಬಡವರ ಡಬಲ್ ಡೈ" ಅಂತ ಹೆಸರೇ ಬಿದ್ದಿದೆ.

ನಾಲ್ಕನೇದು, ಕುಗ್ಗಿದ್ದು. ಬಟ್ಟೆ ಒಣಗಿಸುವ ಯಂತ್ರದ ಸಂದಿಯಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉರುಳಿ ಉರುಳಿ ಬಿದ್ದ ನಾಣ್ಯ ಹೀಗೇ ಆಗುತ್ತದೆ. ಅಂಚು ಒಳಕ್ಕೆ ಮಡಚಿಕೊಂಡು ದಪ್ಪ ಆಗಿದೆ, ಅಂಚಿನ ಪಕ್ಕದ ಅಕ್ಷರಗಳ ಬುಡ ಅದರಡಿ ಹೂತುಹೋಗಿದೆ. ತೂಕ ಹಾಕು, ಹೆಚ್ಚುಕಡಿಮೆ ಮಾಮೂಲಿಯಷ್ಟೇ ಬರುತ್ತದೆ. ಮುಂದಕ್ಕೆ ಹೋಗೋಣ.

ಅದಕ್ಕೆ ಮೊದಲು ನನ್ನದೊಂದು ಮೂರ್ಖತನ ಹೇಳುತ್ತೇನೆ. ಶುರುವಿನಲ್ಲಿ ನನಗೊಂದು ನಾಣ್ಯ ಸಿಕ್ಕಿತು. ಒಂದು ಬದಿಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು, ತಗ್ಗಾಗಿ. ಇಂಥ ಅಸಲಿ ಎರರ್ ಇದೆ, ಬ್ರಾಕೇಜ್ ಅಂತ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿರುತ್ತದೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗಿಬಿಡುತ್ತದೆ. ನಾನು ಹಿಗ್ಗಿ ಹೀರೇಕಾಯಿಯಾಗಿ ಎರಡು ವಾರ ಹತ್ತಿಯಲ್ಲಿ ಸುತ್ತಿಟ್ಟುಕೊಂಡಿದ್ದೆ. ತುಂಬಾ ವರ್ಷದಿಂದ ಸಂಗ್ರಹ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ತಿರುಗುಮುರುಗು ಅಕ್ಷರದ ಕಡೆ ನೋಡಲೇ ಇಲ್ಲ. ನಾಣ್ಯ ಮಗುಚಿ, ಹಿಂದಿನ ಬದಿಯಲ್ಲಿ ಚಿತ್ರ ಜಜ್ಜಿಹೋಗಿ ನುಣ್ಣಗಾಗಿದ್ದ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಮುಂಬದಿ ತೋರಿಸಿ, "ತಿರುಗುಮುರುಗು ಅಕ್ಷರದ ಕೆಳಗೆ ಮೊದಲಿನ ಚಿತ್ರ ಇನ್ನೂ ಇದೆ, ನೋಡಿ" ಅಂದರು. ಯಾರೋ ಎರಡು ನಾಣ್ಯ ಸೇರಿಸಿ, ಲೋಹ ಬಿಗಿದು ಹಿಡಿಯುವ ಬೆಂಚ್ ವೈಸಿನಲ್ಲಿ ಒತ್ತಿದ್ದರು, ಅಷ್ಟೇ. ಅವತ್ತಿಂದ ಯಾವುದೇ ನಾಣ್ಯ ಬರಲಿ, ವಿಚಿತ್ರ ಇರುವ ಬದಿಗಿಂತ ಮೊದಲು ಅದರ ಹಿಂಬದಿ ನೋಡುತ್ತೇನೆ.

ಆಮೇಲೆ ನೀನು ಕೆಳಗೆ ಕೇಳಿದ್ದೆ, ನಾಣ್ಯ ಮಗುಚಿದರೆ ಹಿಂದಿನ ಚಿತ್ರ ತಲೆಕೆಳಗಾಗಿದೆ, ಅದು ತಪ್ಪಾ ಅಂತ. ಅದು ದೇಶದಿಂದ ದೇಶಕ್ಕೆ ಬೇರೆ. ಪುಸ್ತಕದ ಹಾಳೆ ಮಗುಚಿದ ಹಾಗೆ ತಿರುಗಿಸಿದರೆ ಯೂರೋ ನಾಣ್ಯ ನೆಟ್ಟಗೆ ಇರುತ್ತದೆ, ಅಮೆರಿಕದ್ದು ತಲೆಕೆಳಗಾಗಿರುತ್ತದೆ. ಎರಡೂ ಸರಿ. ನಡುವೆ ಎಲ್ಲೋ ಓರೆಯಾಗಿ ನಿಂತಿದ್ದರೆ ಮಾತ್ರ ಅಚ್ಚು ತಿರುಗಿದೆ ಅಂತ ಲೆಕ್ಕ. ಇನ್ನು ಮುಂದೆ ಯಾವುದಾದರೂ ನಾಣ್ಯದ ಬಣ್ಣ ಬೇರೆಯಾಗಿದೆ ಅನ್ನಿಸಿದರೆ ಮೊದಲು ಅಯಸ್ಕಾಂತ ತಗೋ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಅಮೆರಿಕದವರು ಸೆಂಟನ್ನು ಉಕ್ಕಿನಲ್ಲಿ ಮಾಡಿದರು. ತಪ್ಪಿ ಹಳೇ ತಾಮ್ರದ ಬಿಲ್ಲೆಯಲ್ಲೇ ಮೂಡಿದವು ಬೆರಳೆಣಿಕೆಯಷ್ಟು. ಅವನ್ನು ನೋಡಿ ಉಕ್ಕಿನದಕ್ಕೇ ತಾಮ್ರದ ಲೇಪ ಬಳಿದವರು ಎಷ್ಟೋ ಜನ. ಅಯಸ್ಕಾಂತಕ್ಕೆ ಅಂಟಿತೋ, ಕಥೆ ಮುಗಿಯಿತು.

ಈಗ ಐದನೇದು. ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು. ಲೋಹದ ಪಟ್ಟಿ ಮುಂದೆ ಸರಿಯುವುದು ಸ್ವಲ್ಪ ತಡವಾದರೆ ಕತ್ತರಿಸುವ ಪಂಚು ಆಗಲೇ ತೂತಾದ ಜಾಗದ ಮೇಲೂ ಬೀಳುತ್ತದೆ. ಹುಟ್ಟುವಾಗಲೇ ಬಿಲ್ಲೆಗೆ ಒಂದು ತುತ್ತು ಕಡಿಮೆ. ಆಮೇಲೆ ಅಂಚು ಎಬ್ಬಿಸಲು ಒತ್ತಿ ಉರುಳಿಸುವಾಗ ಕಚ್ಚಿದ ಜಾಗಕ್ಕೆ ಸರಿ ಎದುರಿನ ಅಂಚಿಗೂ ಒತ್ತಡ ಸಿಗಲ್ಲ, ಯಾಕೆಂದರೆ ಈ ಕಡೆ ಆತುಕೊಳ್ಳಲು ಲೋಹವೇ ಇಲ್ಲ. ಹಾಗಾಗಿ ಎದುರಿನ ಅಂಚಿನ ಕಟ್ಟೆ ಕೂಡ ಮಸುಕಾಗಿ ಸಪಾಟಾಗಿರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಎಫೆಕ್ಟ್ ಅಂತಾರೆ. ತುಂಬಾ ಸಣ್ಣ ತುತ್ತಾದರೆ ಇದು ಕಾಣದೆಯೂ ಇರಬಹುದು, ಆದರೆ ನಿನ್ನದು ದೊಡ್ಡದೇ ಇದೆ. ಕತ್ತರಿ, ಅರ ಹಾಕಿ ಕಚ್ಚಿಸಿದವನಿಗೆ ಎದುರಿನ ಅಂಚಿನ ನೆನಪೇ ಬರಲ್ಲ. ಅಲ್ಲದೆ ಕತ್ತರಿಸಿದ ನಾಣ್ಯದಲ್ಲಿ ಅಕ್ಷರ ಚಾಕುವಿನಿಂದ ಕೊಯ್ದ ಹಾಗೆ ನಿಂತುಹೋಗುತ್ತದೆ. ಅಸಲಿಯಲ್ಲಿ ಕಚ್ಚಿದ ಜಾಗದ ಹತ್ತಿರ ಅಕ್ಷರಗಳು ಆ ಕಡೆಗೆ ಎಳೆದುಕೊಂಡು ತೆಳ್ಳಗಾಗಿರುತ್ತವೆ, ಲೋಹ ಖಾಲಿ ಜಾಗಕ್ಕೆ ಹರಿದಿರುತ್ತದಲ್ಲ. ನಿನ್ನ ಫೋಟೋದಲ್ಲಿ ಒಂದು ಅಕ್ಷರದ ಕಾಲು ಹಾಗೇ ಎಳೆದುಕೊಂಡ ಹಾಗೆ ಕಾಣಿಸಿತು. ಅದಕ್ಕೇ ನನಗೆ ಆಸೆ.

ಆದರೆ ಎದುರಿನ ಅಂಚಿನ ಮೇಲೆ ನಿನ್ನ ಹೆಬ್ಬೆರಳು ಕೂತಿದೆ ಪುಟ್ಟೀ! ಬೆರಳು ತೆಗೆದು, ನಾಣ್ಯವನ್ನು ಬಿಳಿ ಕಾಗದದ ಮೇಲಿಟ್ಟು, ದೀಪ ಪಕ್ಕದಲ್ಲಿಟ್ಟು ಎರಡೂ ಬದಿ ತೆಗೆದು ಕಳಿಸು. ಮಗುಚಿ ನಿಲ್ಲಿಸಿ ಅಂಚಿನದ್ದೂ ಒಂದು. 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಎಲ್ಲಾದರೂ ಸಿಕ್ಕರೆ ಇದರ ತೂಕ, ಜೊತೆಗೆ ಅದೇ ಥರದ ಚೆನ್ನಾಗಿರುವ ಇನ್ನೊಂದರ ತೂಕ ಹೇಳು. ಮತ್ತೆ ನಿಮ್ಮ ಅಮ್ಮನಿಗೆ ಹೇಳು, ಹೊಳಪು ಬರಲಿ ಅಂತ ತಿಕ್ಕಿ ತೊಳೆಯೋಕೆ ಹೋಗಬೇಡ ಅಂತ. ಅವಳು ಚಿಕ್ಕವಳಿದ್ದಾಗ ನನ್ನ ಡಬ್ಬಿಯ ನಾಣ್ಯಗಳನ್ನೆಲ್ಲ ಹಾಗೇ ತೊಳೆದಿಟ್ಟಿದ್ದಳು.