ಸಹಾಯ ಬೇಕು: ವಾಲ್ವ್ ಕ್ಲಿಯರೆನ್ಸ್ ಸರಿಯಾಗಿ ಕೂರ್ತಿಲ್ಲ

ಚಿಕ್ಕಮಗಳೂರಿನವರು, ಹಾಸನದವರು ಯಾರಾದ್ರೂ ಮನೆಯಲ್ಲೇ ವಾಲ್ವ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಣ್ಣ ಸಂದು) ಸೆಟ್ ಮಾಡುವವರು ಇದ್ದೀರಾ? ನನ್ನದು ಹಳೇ 150 ಸಿಸಿ ಗಾಡಿ, ಆ ಗ್ಯಾಪ್ ಹೊಂದಿಸೋಕೆ ಸ್ಕ್ರೂ-ಲಾಕ್‌ನಟ್ ಇರುವಂಥದ್ದು. ಬೆಳಿಗ್ಗೆ ಚಳಿಯಲ್ಲಿ ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗಲ್ಲ, ಕೈಮರ ದಾಟಿ ಏರು ಶುರುವಾದ ಮೇಲಂತೂ ಉಸಿರೇ ಇಲ್ಲ.

ಭಾನುವಾರ ಇಂಜಿನ್ ಪೂರ್ತಿ ತಣ್ಣಗಿರುವಾಗ ಕವರ್ ಬಿಚ್ಚಿದೆ. ಮೊದಲು T ಗುರುತು (ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಕೂರುವ ಗುರುತು) ಕೂರಿಸಿ ನೋಡಿದರೆ ಎರಡೂ ರಾಕರ್ ಬಿಗಿ! ಆಮೇಲೆ ಹೊಳೆಯಿತು, ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ವಾಲ್ವ್ ತೆರೆಯುವ ಕ್ಯಾಮ್ ಒಂದೇ ಸುತ್ತು, ನಾನು ಎಕ್ಸಾಸ್ಟ್ ಸ್ಟ್ರೋಕ್ ಕೊನೆಯಲ್ಲಿ, ಎರಡೂ ವಾಲ್ವ್ ಸ್ವಲ್ಪ ತೆರೆದಿರುವಾಗ ನಿಲ್ಲಿಸಿದ್ದೆ. ಇನ್ನೊಂದು ಸುತ್ತು ತಿರುಗಿಸಿದ ಮೇಲೆ ಇನ್ಲೆಟ್ ಸಡಿಲವಾಗಿ ಅಲುಗಾಡಿತು, ಎಕ್ಸಾಸ್ಟ್‌ಗೆ ಮಾತ್ರ ಗ್ಯಾಪ್ ಅಳೆಯುವ ಫೀಲರ್ ಗೇಜಿನ 0.05 ಮಿ.ಮೀ. ಬ್ಲೇಡೂ ತೂರಲಿಲ್ಲ. ನನ್ನ ಗಾಡಿ ಪುಸ್ತಕದಲ್ಲಿ ಅದಕ್ಕೆ 0.10 ಮಿ.ಮೀ. ಅಂತ ಇದೆ.

ಈಗ ತೊಂದರೆ ಇರೋದು ಇಲ್ಲಿ. ಬ್ಲೇಡ್ ಸ್ವಲ್ಪ ಹಿಡಿದು ಎಳೆಯುವ ಹಾಗೆ ಸ್ಕ್ರೂ ಕೂರಿಸುತ್ತೇನೆ, ಲಾಕ್‌ನಟ್ ಬಿಗಿ ಮಾಡುತ್ತಿದ್ದ ಹಾಗೇ ಸ್ಕ್ರೂನೂ ಜೊತೆಗೆ ತಿರುಗಿ ಗ್ಯಾಪ್ ಮಾಯ. ನಾಲ್ಕು ಸಲ ಹೀಗೇ ಆಯ್ತು. ಸ್ಕ್ರೂ ತಲೆ ಹಿಡಿದುಕೊಳ್ಳೋಕೆ ಇಕ್ಕಳ ಬಳಸಿದೆ, ಅದು ಜಾರಿ ಬೆರಳೇ ಕೆತ್ತಿತು. ಸ್ಕ್ರೂ ತುದಿಯಲ್ಲಿ ಸಣ್ಣ ಗುಂಡಿ ಬೇರೆ ಕಾಣುತ್ತಿದೆ. ಚಪ್ಪಟೆ ಬ್ಲೇಡ್ ಆ ಗುಂಡಿ ಮೇಲೆ ಸೇತುವೆ ಥರ ಕೂತು ಸುಳ್ಳು ಅಳತೆ ಕೊಡುತ್ತೆ, ಅಲ್ವಾ? ಸ್ಕ್ರೂ ಬದಲಾಯಿಸಲೇಬೇಕಾ?

ಗ್ಯಾರೇಜಿನವರು ಸುಮ್ನೆ ಕಿವಿಯಲ್ಲೇ ಸದ್ದು ಕೇಳಿ ಬಿಗಿ ಮಾಡಿ ಕಳಿಸಿದ್ದರಿಂದಲೇ ಹೀಗಾಗಿದ್ದು, ಅಲ್ಲಿಗೆ ಮತ್ತೆ ಹೋಗಲ್ಲ. ಟ್ಯಾಪೆಟ್ (ಇದೇ ಗ್ಯಾಪ್ ಸ್ಕ್ರೂ) ಹಿಡಿಯುವ ಟೂಲ್ ಯಾರ ಹತ್ರ ಇದ್ರೂ ಒಂದು ದಿನಕ್ಕೆ ಕೊಡಿ, ಬೇಲೂರು ತನಕ ಬಂದು ತಗೋತೀನಿ.